ಬೆಳ್ಳಿತೆರೆಯ ಖಡ್ಗ, ಒರೆಯೊಳಗಿನ ಖಡ್ಗ



ಕಳೆದ ಬೇಸಿಗೆ ರಜೆಯಲ್ಲಿ ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಮೊಮ್ಮಕ್ಕಳು ನೆರೆದಿದ್ದರು. ‘ಬಾಹುಬಲಿ’ ಚಿತ್ರವನ್ನು ದೂರವಾಣಿಯ ಪುಟ್ಟ ತೆರೆಯಲ್ಲಿ ಅದೆಷ್ಟನೆಯ ಸಲವೋ ನೋಡಿ ಮುಗಿಸಿದ ಹಿರಿಯವನು, ಅಟ್ಟದ ಮೇಲಿದ್ದ ಹಳೆಯ ಚಂದ್ರಿಕೆಯಿಂದ ಬಿದಿರಿನ ದಬ್ಬೆಯೊಂದನ್ನು ಕಿತ್ತು ಖಡ್ಗ ಮಾಡಿಕೊಂಡನು. ಅರ್ಧ ಗಳಿಗೆಯೊಳಗೆ ಕಿರಿಯವನ ಚೀತ್ಕಾರ ಕೇಳಿಸಿತು. ದಬ್ಬೆಯ ತುದಿ ಹುಬ್ಬಿನ ಮೇಲೆ ಸೀಳಿತ್ತು. ಇನ್ನೊಂದು ಅಂಗುಲ ಕೆಳಗಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಗಾಯಕ್ಕೆ ಮೂರು ಹೊಲಿಗೆ ಬಿದ್ದವು. ಸೊಸೆ ಸಿಟ್ಟಿನಿಂದ ದಬ್ಬೆಯನ್ನು ಮುರಿದು ಒಲೆಗೆ ಹಾಕಿದಳು. ಹುಡುಗ ಮಾತ್ರ ರಾತ್ರಿ ನನ್ನ ಮಗ್ಗುಲಲ್ಲಿ ಮಲಗಿ, “ತಾತ, ಸಿನಿಮಾದಲ್ಲಿ ಎಲ್ಲರಿಗಿಂತ ದೊಡ್ಡ ಕತ್ತಿವೀರ ಯಾರು?” ಎಂದು ಕೇಳಿದನು. ಅಂದು ನಾನು ಉತ್ತರಿಸಲಿಲ್ಲ. ಉತ್ತರಿಸಬೇಕಾದುದು ನಮ್ಮ ಕರ್ತವ್ಯವೆಂದು ಆಮೇಲೆ ತೋರಿತು.

ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆಯವರಾದ ನಾವು ಎರಡು ಭಾಷೆಗಳ ಗಡಿಯಲ್ಲಿ ಬೆಳೆದವರು. ನಮ್ಮ ಟೆಂಟುಗಳಲ್ಲಿ ಕನ್ನಡದ ರಾಜಕುಮಾರರೂ ಉಂಟು, ತೆಲುಗಿನ ಕಾಂತಾರಾವ್ ಅವರೂ ಉಂಟು. ಜಾನಪದ ಚಿತ್ರಗಳಲ್ಲಿ ಖಡ್ಗ ಝಳಪಿಸಿ ‘ಕತ್ತಿ ಕಾಂತಾರಾವ್’ ಎಂದೇ ಹೆಸರಾದ ಆ ನಟರನ್ನು ಅನೇಕ ಚಿತ್ರಗಳಲ್ಲಿ ನಿರ್ದೇಶಿಸಿದ ಬಿ. ವಿಠಲಾಚಾರ್ಯರು ನಮ್ಮ ಉಡುಪಿ ಸೀಮೆಯವರೆಂಬುದು ಹಲವರಿಗೆ ತಿಳಿಯದು. ಅವರು ಡಿ. ಶಂಕರಸಿಂಗ್ ಅವರೊಡನೆ ಮೈಸೂರಿನ ಮಹಾತ್ಮ ಪಿಕ್ಚರ್ಸ್ ಸಂಸ್ಥೆಯನ್ನು ಕಟ್ಟಿದವರು. 1951ರ ‘ಜಗನ್ಮೋಹಿನಿ’ ಆ ಸಂಸ್ಥೆಯ ಹೆಸರಾಂತ ಚಿತ್ರ.

ತೆರೆಯ ಮೇಲಿನ ಖಡ್ಗದ ಗುಟ್ಟನ್ನು ಮಕ್ಕಳಿಗೆ ಮೊದಲು ಹೇಳಬೇಕು. ಅದು ಬಹುಮಟ್ಟಿಗೆ ಬೆಳ್ಳಿಬಣ್ಣ ಬಳಿದ ಮರ, ಇಲ್ಲವೆ ಮೊನೆ ಮೊಂಡಾದ ಹಗುರ ಲೋಹ. ಎದುರಾಳಿಗಳಿಬ್ಬರೂ ನಾಟ್ಯದಂತೆ ಹೆಜ್ಜೆ ಎಣಿಸಿ ಕಲಿತಿರುತ್ತಾರೆ. ಯಾವ ಹೆಜ್ಜೆಗೆ ಯಾರು ಬಾಗಬೇಕು, ಯಾರು ಎತ್ತಬೇಕು ಎಂಬುದೆಲ್ಲ ಮೊದಲೇ ಗೊತ್ತಾಗಿರುತ್ತದೆ. ‘ಠಣ್’ ಎಂಬ ಸದ್ದನ್ನು ಅನಂತರ ಸೇರಿಸುತ್ತಾರೆ. ಅಲ್ಲಿ ಗೆಲ್ಲುವವನಿಗೂ ಸೋಲುವವನಿಗೂ ನಡುವೆ ದ್ವೇಷವಿಲ್ಲ, ನಂಬಿಕೆಯಿದೆ. ಆದರೂ ಆ ಕಾಯಕ ಅಪಾಯರಹಿತವಲ್ಲ. ನಮ್ಮ ನೆರೆಯ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಖಡ್ಗದ ಹೆಸರು ಹೊತ್ತ ಹಿಂದಿ ಧಾರಾವಾಹಿಯ ಚಿತ್ರೀಕರಣ ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ನಡೆಯುತ್ತಿದ್ದಾಗ, 1989ರ ಫೆಬ್ರವರಿ 8ರಂದು ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಅಸುನೀಗಿದರು. ಖಡ್ಗಕ್ಕೆ ಅಲಗಿರಲಿಲ್ಲ, ಬೆಂಕಿಗೆ ಇತ್ತು. ನಾವು ಮನೆಯಲ್ಲಿ ಕುಳಿತು ನೋಡಿ ಮೆಚ್ಚುವ ವೈಭವದ ಹಿಂದೆ ಹೆಸರಿಲ್ಲದ ಕಾರ್ಮಿಕರ ಪ್ರಾಣವೂ ಇರುತ್ತದೆಂಬುದನ್ನು ಮರೆಯಲಾಗದು.

ಇನ್ನು ನಿಜವಾದ ಖಡ್ಗದ ಮಾತು. ಅದರ ಉಕ್ಕು ನಮ್ಮ ನಾಡಿನದು. ಪಾಶ್ಚಾತ್ಯರು ‘ವೂಟ್ಜ್’ ಎಂದು ಕರೆದ ಮೂಸೆಯ ಉಕ್ಕಿನ ಹೆಸರಿಗೆ ಮೂಲ ಕನ್ನಡ, ತೆಲುಗುಗಳ ‘ಉಕ್ಕು’ ಶಬ್ದವೇ ಎಂದು ವಿದ್ವಾಂಸರು ಹೇಳುತ್ತಾರೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್, ಕಬ್ಬಿಣ ಕಾಯಿಸಿ ಉಕ್ಕು ಮಾಡುವ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಲಂಡನ್ನಿನ ಪ್ರಯೋಗಶಾಲೆಯಲ್ಲಿ ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿಯೂ ಈ ಉಕ್ಕಿನ ಮರ್ಮವನ್ನು ಅರಸಿದನು.

ಈಗ ವೀರರ ವಿಚಾರ. 1960ರ ‘ರಣಧೀರ ಕಂಠೀರವ’ವನ್ನು ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡಿ ನಿರ್ಮಿಸಿದರು. ಅದರ ನಾಯಕ 1638ರಿಂದ 1659ರವರೆಗೆ ಮೈಸೂರನ್ನಾಳಿದ ದೊರೆ. ಮಾರುವೇಷದಲ್ಲಿ ತಿರುಚಿರಾಪಳ್ಳಿಗೆ ಹೋಗಿ, ಗರ್ವದಿಂದ ಸವಾಲೊಡ್ಡಿದ್ದ ಜಟ್ಟಿಯನ್ನು ಸೋಲಿಸಿ, ಸನ್ಮಾನಕ್ಕೂ ಕಾಯದೆ ಹಿಂದಿರುಗಿದನೆಂಬ ಕಥೆ ಪ್ರಸಿದ್ಧ. ಅವನ ಖಡ್ಗಕ್ಕೆ ‘ವಿಜಯನರಸಿಂಹ’ವೆಂಬ ಹೆಸರಿತ್ತೆಂದು ಹೇಳಿಕೆ. 1975ರ ‘ಮಯೂರ’ ದೇವುಡು ಅವರ ಕಾದಂಬರಿಯಿಂದ ಬಂದುದು. ಅದರ ಬೇರು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನದಲ್ಲಿದೆ. ವಿದ್ಯೆ ಕಲಿಯಲು ಕಂಚಿಗೆ ಹೋದ ಮಯೂರಶರ್ಮ ಅಪಮಾನಿತನಾಗಿ, ದರ್ಭೆ ಹಿಡಿದ ಕೈಯಲ್ಲೇ ಶಸ್ತ್ರ ಹಿಡಿದನೆಂದು ಶಾಸನ ಸಾರುತ್ತದೆ. ಇಲ್ಲೆಲ್ಲ ಗಮನಿಸಬೇಕಾದುದು ಖಡ್ಗವನ್ನು ಬೀಸಿದ ಬಗೆಯನ್ನಲ್ಲ, ಒರೆಯಿಂದ ಹಿರಿಯಲು ಇದ್ದ ಕಾರಣವನ್ನು.

ನಮ್ಮ ಸಮಾಜದ ಹೆಮ್ಮೆಯ ಕಿತ್ತೂರು ಚೆನ್ನಮ್ಮನ ಕಥೆ 1961ರಲ್ಲಿ ಬಿ.ಆರ್. ಪಂತುಲು ಅವರ ನಿರ್ದೇಶನದಲ್ಲಿ ತೆರೆಗೆ ಬಂದಿತು. ಬಿ. ಸರೋಜಾದೇವಿಯವರು ರಾಣಿಯಾಗಿ ಖಡ್ಗ ಹಿಡಿದ ಚಿತ್ರವನ್ನು ನಮ್ಮ ತಾಯಂದಿರು ಕಣ್ಣೀರಿಟ್ಟು ನೋಡಿದರು. ಆದರೆ 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ಖಡ್ಗದಿಂದಲ್ಲ, ಅಮಟೂರು ಬಾಳಪ್ಪನ ಗುಂಡಿನಿಂದ ಎಂದು ಪ್ರತೀತಿ. ಅದಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ. ಅಂದು ಸೆರೆಸಿಕ್ಕ ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳನ್ನು ಚೆನ್ನಮ್ಮ ಕೊಲ್ಲಿಸಲಿಲ್ಲ. ಮುಂದೆ ಬಿಡುಗಡೆ ಮಾಡಿದಳು. ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆ ಬಿದ್ದು, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಅವಳು ಲಿಂಗೈಕ್ಯಳಾದಳು. ಕೈಗೆ ಸಿಕ್ಕ ಶತ್ರುವಿನ ಮೇಲೆ ಎತ್ತದ ಖಡ್ಗವೇ ಅವಳ ಹಿರಿಮೆ. ಅವಳ ಬಂಟ ಸಂಗೊಳ್ಳಿ ರಾಯಣ್ಣ ಹೋರಾಟ ಮುಂದುವರಿಸಿ 1831ರಲ್ಲಿ ನಂದಗಡದಲ್ಲಿ ನೇಣಿಗೇರಿದನು. 2012ರಲ್ಲಿ ಅವನ ಕಥೆಯೂ ವಿಜೃಂಭಣೆಯಿಂದ ಚಿತ್ರವಾಯಿತು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿಯೂ ಖಡ್ಗದ ಕಥೆಯೊಂದುಂಟು. ಶರಣರ ಮೇಲೆ ರಾಜಸೈನ್ಯ ಎರಗಿದಾಗ ಅವರು ಹೊತ್ತು ನಡೆದದ್ದು ಹೊನ್ನನ್ನಲ್ಲ, ವಚನಗಳ ಓಲೆಕಟ್ಟುಗಳನ್ನು. ಚೆನ್ನಬಸವಣ್ಣನವರೊಡನೆ ಉಳವಿಯತ್ತ ಸಾಗಿದ ಆ ತಂಡಕ್ಕೆ ಬೆಂಗಾವಲಾಗಿ ನಿಂತು ಕಾದಿದವರು ಹಿಪ್ಪರಗಿಯ ಮಡಿವಾಳ ಮಾಚಿದೇವರೆಂದು ಪರಂಪರೆ ನೆನೆಯುತ್ತದೆ. ಬಟ್ಟೆ ಒಗೆಯುವ ಕಾಯಕದ ಕೈ ಅದು. ರಾಜ್ಯಕ್ಕಾಗಿಯಲ್ಲ, ಸೇಡಿಗಾಗಿಯಲ್ಲ, ನಾಳೆಯ ಮಕ್ಕಳು ಓದಬೇಕಾದ ಮಾತು ಉಳಿಯಲೆಂದು ಎತ್ತಿದ ಖಡ್ಗ. ದಯೆಯನ್ನೇ ಧರ್ಮದ ಮೂಲವೆಂದ ಬಸವಣ್ಣನವರ ಮಾರ್ಗದಲ್ಲಿ ಶಸ್ತ್ರಕ್ಕೆ ಎಡೆಯಿದ್ದರೆ ಅದು ಇಷ್ಟೇ. ಹೊನ್ನಪ್ಪ ಭಾಗವತರ್ ಬಸವಣ್ಣನವರಾಗಿ ಅಭಿನಯಿಸಿದ 1959ರ ‘ಜಗಜ್ಯೋತಿ ಬಸವೇಶ್ವರ’ವನ್ನು ಮನೆಮಂದಿಯೆಲ್ಲ ಕೂಡಿ ನೋಡುವಾಗ ಹಿರಿಯರು ಈ ಮಾತನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು.

ಮಕ್ಕಳಿಗೆ ಖಡ್ಗದ ಚಿತ್ರ ತೋರಿಸಲೇಬಾರದೆಂದು ಕೆಲವರು ವಾದಿಸುತ್ತಾರೆ. ನನಗೆ ಅದು ಸರಿಯೆನಿಸದು. ನಮ್ಮ ವೀರಭದ್ರನ ಕೈಯಲ್ಲಿಯೇ ಖಡ್ಗವಿದೆ. ಮುಚ್ಚಿಟ್ಟದ್ದನ್ನು ಮಗು ಕದ್ದು ನೋಡುತ್ತದೆ. ಜೊತೆಗೆ ಕುಳಿತು ನೋಡಿದರೆ ಪ್ರಶ್ನೆ ಕೇಳುತ್ತದೆ. ಹೊಡೆದಾಟ ಮುಗಿದ ಮೇಲೆ, “ಇವನು ಕತ್ತಿ ಎತ್ತಿದ್ದು ಯಾರನ್ನು ಉಳಿಸಲು?” ಎಂದು ನಾವು ಒಂದೇ ಒಂದು ಸಲ ಕೇಳಿದರೂ ಸಾಕು. ನಮ್ಮ ಮನೆಯಲ್ಲಿ ಅಂದು ಹಾಗೆ ಕೇಳುವವರಿರಲಿಲ್ಲ. ಹಿರಿಯರಾದ ನಾವು ಮಕ್ಕಳ ಕೈಗೆ ದೂರವಾಣಿ ಕೊಟ್ಟು ಮಧ್ಯಾಹ್ನದ ನಿದ್ದೆಯಲ್ಲಿದ್ದೆವು. ಹುಬ್ಬಿನ ಗಾಯಕ್ಕೆ ಹುಡುಗನೊಬ್ಬನೇ ಹೊಣೆಯಲ್ಲ.

ಮುಂದೆ ಜಾತ್ರೆಯೊಂದಕ್ಕೆ ಇಬ್ಬರನ್ನೂ ಕರೆದೊಯ್ದೆ. ಸಂಬಾಳ, ಕರಡೆಗಳ ನಾದಕ್ಕೆ ವೀರಗಾಸೆಯವರು ಕುಣಿಯುತ್ತಿದ್ದರು. ಎದೆಯ ಮೇಲೆ ವೀರಭದ್ರನ ಹಲಗೆ, ಹಣೆಯಲ್ಲಿ ವಿಭೂತಿ, ಬಲಗೈಯಲ್ಲಿ ಖಡ್ಗ. ದಕ್ಷಯಜ್ಞದ ಕಥೆಯನ್ನು ಒಡಪಿನಲ್ಲಿ ಗುಡುಗುತ್ತ, ಜನರ ನಟ್ಟನಡುವೆ ಖಡ್ಗ ತಿರುಗಿಸಿದರೂ ಯಾರೊಬ್ಬರ ಕೂದಲೂ ಕೊಂಕಲಿಲ್ಲ. ಕುಣಿತ ಮುಗಿದೊಡನೆ ನಮ್ಮ ಹಿರಿಯ ಮೊಮ್ಮಗ ಓಡಿಹೋಗಿ, “ಒಂದು ಸಲ ಕತ್ತಿ ಕೊಡಿ” ಎಂದು ಕೈಚಾಚಿದನು. ಆ ಮುದುಕ ಕಲಾವಿದರು ನಕ್ಕು, “ಮೊದಲು ಒಡಪು ಕಲಿಯಪ್ಪ. ಬಾಯಿಗೆ ಮಾತು ಬಂದ ಮೇಲೆ ಕೈಗೆ ಕತ್ತಿ” ಎಂದರು. ಹುಡುಗ ತಮ್ಮನ ಹುಬ್ಬಿನ ಕಲೆಯನ್ನೊಮ್ಮೆ ನೋಡಿ, ಕೈ ಹಿಂದೆಗೆದುಕೊಂಡನು.

ಅವನು ಕೇಳಿದ್ದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.