ಕೆಸುವಿನ ಎಲೆ, ಯೂರಿಯಾ ಬಾಟಲಿ
ನ್ಯಾನೊ ತಂತ್ರಜ್ಞಾನ ಬೆಂಗಳೂರಿನ ಪ್ರಯೋಗಾಲಯಗಳ ಸಂಗತಿ, ಕುಂದಾಪುರದವರಿಗೆ ಅದೇಕೆ ಎನ್ನುವ ಕಾಲ ಹೋಯಿತು. 2021ರಲ್ಲಿ ರಸಗೊಬ್ಬರ ಸಹಕಾರ ಸಂಸ್ಥೆ ಇಫ್ಕೊ ತಂದ ಅರ್ಧ ಲೀಟರಿನ ನ್ಯಾನೊ ಯೂರಿಯಾ ಬಾಟಲಿ ಅದನ್ನು ಗದ್ದೆಯ ಅಂಚಿಗೇ ತಂದಿದೆ. ಒಂದು ಬಾಟಲಿ 45 ಕಿಲೊ ಯೂರಿಯಾ ಚೀಲಕ್ಕೆ ಸಮವೆಂಬುದು ಸಂಸ್ಥೆಯ ಮಾತು. ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಎರಡು ವರ್ಷ ಪರೀಕ್ಷಿಸಿದಾಗ, ಸಾರಜನಕ ಗೊಬ್ಬರವನ್ನು ಅರ್ಧಕ್ಕಿಳಿಸಿ ಇದನ್ನು ಸಿಂಪಡಿಸಿದಲ್ಲಿ ಭತ್ತ, ಗೋಧಿ ಎರಡರ ಇಳುವರಿಯೂ ಕುಸಿಯಿತು. ಇವೆರಡನ್ನು ತೂಗಿ ನೋಡಲು ಶಾಲೆ ಬಿಟ್ಟು ದಶಕಗಳಾದ ರೈತನಿಗೆ ಪಠ್ಯಪುಸ್ತಕ ಒದಗದು. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದ ಕೃಷಿಮೇಳದಂಥ ಜಾಗವೇ ಬೇಕು. ಕಣ್ಣಿಗೆ ಕಾಣದ್ದನ್ನು ತೋರಿಸುವುದು ಹೇಗೆ ಎನ್ನುವವರು ಪತ್ರೊಡೆಗೆಂದು ಕೊಯ್ದ ಕೆಸುವಿನ ಎಲೆಯ ಮೇಲೆ ಒಂದು ಚಮಚ ನೀರು ಹಾಕಲಿ. ಹನಿ ಗುಂಡಗಾಗಿ ಉರುಳುತ್ತದೆ, ಎಲೆ ಒದ್ದೆಯಾಗದು: ಮೇಲ್ಮೈಯ ನ್ಯಾನೊ ಗಾತ್ರದ ಮೇಣದ ಹರಳುಗಳ ನಡುವೆ ಸಿಕ್ಕಿಕೊಂಡ ಗಾಳಿ ನೀರನ್ನು ಎಲೆಗೆ ತಾಗಗೊಡುವುದಿಲ್ಲ. ಬೆರಳಿನಿಂದ ಚೆನ್ನಾಗಿ ಉಜ್ಜಿ ಮತ್ತೆ ಹಾಕಿದರೆ ಅಲ್ಲೇ ಅಂಟುತ್ತದೆ. ಇದರಿಂದ ಬೆರಗು ಹುಟ್ಟೀತು, ವಿವೇಕ ಹುಟ್ಟೀತೇ ಎಂಬ ಆಕ್ಷೇಪ ನ್ಯಾಯವಾದದ್ದೇ, ಎಲೆಯಲ್ಲಿಗೇ ನಿಂತರೆ. ಜನರಿಗೆ ಅರ್ಥವಾಗದು ಎಂಬ ಇನ್ನೊಂದು ಆಕ್ಷೇಪವನ್ನು ಮಾತ್ರ ಒಪ್ಪಲಾರೆ. ವಿಜ್ಞಾನಿಯಲ್ಲದ ಕೋಟದ ಶಿವರಾಮ ಕಾರಂತರು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದದ್ದು ಸಾಮಾನ್ಯ ಓದುಗರನ್ನು ನಂಬಿಯೇ. ಆದರೆ ಮೇಳದಲ್ಲಿ ಬಾಟಲಿ ಮಾರುವವರೇ ಮಳಿಗೆ ಹಾಕಿದರೆ ಪಂಜಾಬಿನ ಫಲಿತಾಂಶ ಗೋಡೆಗೆ ಏರುವುದು ಅನುಮಾನ. ಆದ್ದರಿಂದ ಸಂಶೋಧನಾ ಕೇಂದ್ರವೇ ಮೂರು ತುಂಡು ಗದ್ದೆ ಬೆಳೆಸಿ ತೋರಿಸಲಿ: ಒಂದಕ್ಕೆ ಪೂರ್ತಿ ಗೊಬ್ಬರ, ಇನ್ನೊಂದಕ್ಕೆ ಅರ್ಧ ಗೊಬ್ಬರದ ಜೊತೆ ಬಾಟಲಿ, ಮೂರನೆಯದಕ್ಕೆ ಬರೀ ಅರ್ಧ ಗೊಬ್ಬರ.