ಮುಳ್ಳು ನಿಂತರೆ ಮೀಟರನ್ನೇ ಕಿತ್ತು ಬಿಸಾಕಬೇಕೇ?

ಬಹಳ ದಿನಗಳಿಂದ ಇಲ್ಲಿ ಏನೂ ಕುಟ್ಟಿರಲಿಲ್ಲ. ಆಫೀಸಿನಲ್ಲಿ ರಿಲೀಸು, ಮನೆಯಲ್ಲಿ ಸೋಮಾರಿತನ, ಎರಡೂ ಸೇರಿ ಈ ಬ್ಲಾಗು ಪಾಳು ಬಿದ್ದಿತ್ತು. ಆದರೆ ಮೊನ್ನೆ ಗೆಳೆಯನೊಬ್ಬ ಆಡಿದ ಮಾತು ತಲೆಯೊಳಗೆ ಕೊರೀತಾನೇ ಇದೆ. ಬರೆದು ಹಗುರಾಗೋಣ ಅಂತ ಕೂತಿದ್ದೀನಿ. ಸ್ವಲ್ಪ ಖಾರ ಜಾಸ್ತಿಯಾದರೆ ಬೈಕೋಬೇಡಿ :)

ವಿಷಯ ಇಷ್ಟು. ಹೋದ ವರ್ಷ ಹಬ್ಬಕ್ಕೆ ಊರಿಗೆ ಹೊರಟಿದ್ದೆ. ನಮ್ಮೂರು ಜಾವಗಲ್. (ಹೌದು, ಶ್ರೀನಾಥ್ ಹೆಸರಿನ ಮುಂದೆ ಇರೋ ಅದೇ ಜಾವಗಲ್. ಅವರೂ ಇಂಜಿನಿಯರಿಂಗ್ ಓದಿದವರೇ, ಆದರೆ ಪುಣ್ಯಾತ್ಮರು ಬೌಲಿಂಗ್ ಮಾಡಿ ಬಚಾವಾದರು.) ಹಾಸನದಲ್ಲಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಮ್ಮನೆ ಒಂದು ಗುಜರಿ ಅಂಗಡಿ ಹೊಕ್ಕೆ. ಹಳೇ ಫ್ಯಾನು, ಯುಪಿಎಸ್ಸುಗಳ ರಾಶಿಯ ನಡುವೆ ಹಿಡಿ ಇರುವ ಒಂದು ತಗಡಿನ ಪೆಟ್ಟಿಗೆ, ಅದರ ಮುಖದ ಮೇಲೆ ಗಾಜಿನ ಕಿಟಕಿ, ಒಳಗೆ ಮುಳ್ಳು. ಗೈಗರ್ ಕೌಂಟರ್! ಯಾವುದೋ ಕಾಲೇಜಿನ ಲ್ಯಾಬ್ ಸಾಮಾನು ಹರಾಜಾದಾಗ ಬಂದದ್ದಂತೆ. ಯಾವ ಕಾಲೇಜು ಅನ್ನೋದು ಇಲ್ಲಿ ಬೇಡ. ಕೆಜಿ ಲೆಕ್ಕದಲ್ಲಿ ತೂಗಿ ಕೊಟ್ಟರು. ತಂದೆ.

ಪೆಟ್ಟಿಗೆ ಸತ್ತಿರಲಿಲ್ಲ. ಬ್ಯಾಟರಿ ಹಾಕಿದರೆ ಟಿಕ್... ಟಿಕ್ ಟಿಕ್... ಅಂತ ಸದ್ದು ಬರುತ್ತಿತ್ತು. ಮುಳ್ಳು ಮಾತ್ರ ಮೂರನೇ ಒಂದು ಭಾಗದಲ್ಲಿ ಅಂಟಿಕೊಂಡು ನಿಂತಿತ್ತು. ಸ್ವಿಚ್ ಆಫ್ ಮಾಡಿದರೂ ಅಲ್ಲೇ. ಫೋಟೋ ತೆಗೆದು ಗೆಳೆಯನಿಗೆ ಕಳಿಸಿದೆ. ನನ್ನ ಜೊತೆ ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕೂತವನು. ಎರಡೇ ನಿಮಿಷಕ್ಕೆ ಉತ್ತರ ಬಂತು: "ಆ ಮೀಟರ್ ಕಿತ್ತು ಬಿಸಾಕು ಮಗಾ. ಒಂದು ಆರ್ಡುಯಿನೋ, ಒಂದು ಡಿಸ್‌ಪ್ಲೇ ಹಾಕು. ಯಾವ ಕಾಲದಲ್ಲಿದ್ದೀಯ?"

ಇದೇ ಮಾತನ್ನು ಮೊನ್ನೆ ಸಿಕ್ಕಾಗ ಮತ್ತೆ ಆಡಿದ. ಡಿಜಿಟಲ್ ಹಾಕು ಅಂದದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಮೀಟರನ್ನು ಬಿಚ್ಚಿ ನೋಡದೆ ಕಿತ್ತು ಬಿಸಾಕು ಅಂದನಲ್ಲ, ಸಿಟ್ಟು ಬಂದದ್ದು ಅದಕ್ಕೆ. ಇನ್ನೂ ಬೇಜಾರೇನು ಅಂದರೆ, ಎರಡು ವರ್ಷದ ಹಿಂದೆ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಮೊದಲು ಆ ಮುಳ್ಳು ಏನು ಮಾಡುತ್ತೆ ನೋಡೋಣ. ಗೈಗರ್ ಟ್ಯೂಬಿನಲ್ಲಿ ಅನಿಲ ತುಂಬಿ, ನಡುವೆ ಒಂದು ತಂತಿ ಇಟ್ಟು, ನಾಲ್ಕುನೂರರಿಂದ ಒಂಬೈನೂರು ವೋಲ್ಟ್ ಕೊಟ್ಟಿರುತ್ತಾರೆ. ಒಂದು ಕಿರಣ ಹೊಕ್ಕು ಅನಿಲದ ಒಂದು ಅಣುವನ್ನು ಒಡೆದರೆ ಸಾಕು, ಇಡೀ ಟ್ಯೂಬಿನಲ್ಲಿ ಒಂದು ಸಣ್ಣ ಸಿಡಿಲು. ಅದೇ ಆ 'ಟಿಕ್'. ಪ್ರತಿ ಟಿಕ್ಕಿಗೂ ಒಂದು ಕೆಪಾಸಿಟರಿಗೆ ಒಂದೇ ಅಳತೆಯ ಚಾರ್ಜು ಬೀಳುತ್ತೆ, ಅದು ನಿಧಾನಕ್ಕೆ ಮೀಟರಿನ ಮೂಲಕ ಸೋರುತ್ತೆ. ತೂತಿರುವ ಬಿಂದಿಗೆಗೆ ಚೊಂಬಿನಲ್ಲಿ ನೀರು ಹುಯ್ದ ಹಾಗೆ. ಎಷ್ಟು ಬೇಗ ಹುಯ್ದರೆ ನೀರಿನ ಮಟ್ಟ ಅಷ್ಟು ಮೇಲೆ. ಆ ಮಟ್ಟವನ್ನು ಮುಳ್ಳು ತೋರಿಸುತ್ತೆ. ಅಂದರೆ ಕಳೆದ ಕೆಲವು ಸೆಕೆಂಡುಗಳ ಸರಾಸರಿಯನ್ನು ಒಂದು ಕೆಪಾಸಿಟರ್, ಒಂದು ಮುಳ್ಳು ಸೇರಿ ಲೆಕ್ಕ ಹಾಕುತ್ತಿವೆ. ಒಂದು ಸಾಲು ಕೋಡ್ ಇಲ್ಲದೆ!

ಈ ಕಿರಣಗಳು ಶಿಸ್ತಾಗಿ ಬರೋದಿಲ್ಲ. ಒಂದು ನಿಮಿಷಕ್ಕೆ 25 ಬಂದರೆ ಮುಂದಿನ ನಿಮಿಷ 20 ಬರಬಹುದು, 31 ಬರಬಹುದು. ಎಣಿಕೆಯ ವರ್ಗಮೂಲದಷ್ಟು ಏರಿಳಿತ ಸಹಜ. 25ಕ್ಕೆ 5, ಅಂದರೆ ಶೇ. 20. ಏರಿಳಿತ ಶೇ. 2ಕ್ಕೆ ಇಳಿಯಬೇಕಾದರೆ 2500 ಎಣಿಸಬೇಕು. ಸೋವಿ ಡಿಸ್‌ಪ್ಲೇ ಒಂದಕ್ಕೆ ಇದರ ಚಿಂತೆ ಇಲ್ಲ. ದಶಾಂಶದ ನಂತರ ಎರಡು ಅಂಕಿ ತೋರಿಸಿ "ನೋಡಿ ಎಷ್ಟು ನಿಖರ" ಅಂತ ಸುಳ್ಳು ಹೇಳುತ್ತೆ. ಮುಳ್ಳು ತೂಗಾಡುತ್ತಾ "ಹೆಚ್ಚುಕಮ್ಮಿ ಇಷ್ಟು" ಅನ್ನುತ್ತೆ, ಎಷ್ಟು ಹೆಚ್ಚುಕಮ್ಮಿ ಅನ್ನೋದನ್ನೂ ಕಣ್ಣಿಗೆ ತೋರಿಸುತ್ತೆ. ಒಳ್ಳೆಯ ಡಿಜಿಟಲ್ ಉಪಕರಣಗಳು ಇದನ್ನೆಲ್ಲ ಸರಿಯಾಗೇ ಮಾಡುತ್ತವೆ, ಒಪ್ಪಿದೆ. ಆದರೆ ಅಂಥದ್ದನ್ನು ಮಾಡಿದವನಿಗೆ ಮುಳ್ಳು ಯಾಕೆ ತೂಗಾಡುತ್ತೆ ಅಂತ ಗೊತ್ತಿರುತ್ತೆ. ಕಿತ್ತು ಬಿಸಾಕು ಅಂದವನಿಗೆ ಗೊತ್ತಿರೋಲ್ಲ.

ಇದು ನಮ್ಮವರಿಗೆ ಹೊಸದೂ ಅಲ್ಲ. 1940ರ ದಶಕದಲ್ಲಿ ಇದೇ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಹೋಮಿ ಭಾಭಾ ಕಾಸ್ಮಿಕ್ ಕಿರಣಗಳ ವಿಭಾಗ ನಡೆಸುತ್ತಿದ್ದರು. ಅಲ್ಲೇ ಸಿ.ವಿ. ರಾಮನ್ ಮಾರ್ಗದರ್ಶನದಲ್ಲಿ ವಿಕ್ರಮ್ ಸಾರಾಭಾಯ್ ಗೈಗರ್ ಕೌಂಟರ್ ಇಟ್ಟುಕೊಂಡು ಕೂತಿದ್ದರು. 1942ರಲ್ಲಿ ಬಂದ ಅವರ ಮೊದಲ ಪ್ರಬಂಧದ ವಿಷಯವೇನು ಗೊತ್ತಾ? ಕಾಸ್ಮಿಕ್ ಕಿರಣಗಳು ಕಾಲದಲ್ಲಿ ಹೇಗೆ ಹಂಚಿಕೊಂಡು ಬರುತ್ತವೆ ಅನ್ನೋದು. ನನ್ನ ಗೆಳೆಯನಿಗೆ ಕಿರಿಕಿರಿ ಅನಿಸಿದ ಆ ಟಿಕ್... ಟಿಕ್ ಟಿಕ್... ಇದೆಯಲ್ಲ, ಅದೇ!

ಇರಲಿ, ರಿಪೇರಿ ಕಥೆಗೆ ಬರ್ತೀನಿ.

ಜಾವಗಲ್ಲಿಗೆ ಹೋದವನು ಮಾರನೇ ದಿನ ಪೆಟ್ಟಿಗೆ ಬಿಚ್ಚಿದೆ. ಕೆಪಾಸಿಟರುಗಳನ್ನು ಡಿಸ್‌ಚಾರ್ಜ್ ಮಾಡಿ ಮೀಟರನ್ನು ಬೇರೆ ಮಾಡಿದೆ. 50 ಮೈಕ್ರೋ ಆಂಪಿಯರಿನ ಮೀಟರ್. ಮಲ್ಟಿಮೀಟರಿನ ಓಮ್ಸ್ ರೇಂಜಿನಲ್ಲಿ ನೇರವಾಗಿ ಚೆಕ್ ಮಾಡಲು ಹೊರಟಿದ್ದೆ. ಆಮೇಲೆ ನೆನಪಾಯಿತು, ಆ ರೇಂಜು ಹೊರಗೆ ಬಿಡುವ ಕರೆಂಟು ಇದಕ್ಕೆ ಅತಿಯಾಗಿ ಕಾಯಿಲ್ ಸುಟ್ಟೇ ಹೋಗಬಹುದು. ಒಂದೂವರೆ ವೋಲ್ಟಿನ ಸೆಲ್ಲಿಗೆ 47 ಕಿಲೋ ಓಮಿನ ರೆಸಿಸ್ಟರ್ ಸೇರಿಸಿ ಮುಟ್ಟಿಸಿದೆ. ಸುಮಾರು 30 ಮೈಕ್ರೋ ಆಂಪಿಯರ್ ಹರಿಯಬೇಕು. ಮುಳ್ಳು ಒಂಚೂರು ನಡುಗಿತು. ಅಂದರೆ ಕಾಯಿಲ್ ಬದುಕಿದೆ, ಎಲ್ಲೋ ಸಿಕ್ಕಿಕೊಂಡಿದೆ. ಗಾಜು ತೆಗೆದು ಒಳಗೆ ನೋಡಿದೆ... ಕೈ ನಡುಗಿತು. ಕೂದಲಿನಂಥ ಸ್ಪ್ರಿಂಗು! ಹಾಗೇ ಮುಚ್ಚಿ, ಬಸ್ ಸ್ಟ್ಯಾಂಡ್ ಹತ್ತಿರದ ವಾಚ್ ರಿಪೇರಿ ತಾತನ ಹತ್ತಿರ ಓಡಿದೆ.

ತಾತ ಎಚ್‌ಎಂಟಿ ವಾಚುಗಳ ಮೇಲೆ ಕೈ ಪಳಗಿಸಿಕೊಂಡವರು. ಈಗ ಅಂಗಡಿಯ ಮುಕ್ಕಾಲು ಭಾಗ ಮೊಬೈಲ್ ಕವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ನಿಮಿಷ ನೋಡಿದರು.

"ಯಾರೋ ಎಣ್ಣೆ ಬಿಟ್ಟವ್ರೆ ಕಣಪ್ಪ ಇದಕ್ಕೆ."

ನಿಜ. ಇಂಥ ಮೀಟರಿನ ಪಿವಟ್ಟು ಕಲ್ಲಿನ ಗುಳಿಯಲ್ಲಿ ಒಣಗಿಯೇ ತಿರುಗಬೇಕು, ಎಣ್ಣೆ ಬಿಡಬಾರದು. ಎಣ್ಣೆ ಹರಿದು ಹೇರ್ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿದ್ದವು. ಮೇಲೊಂದು, ಕೆಳಗೊಂದು ಸ್ಪ್ರಿಂಗು. ಮುಳ್ಳನ್ನು ಸೊನ್ನೆಗೆ ಎಳೆಯೋದೂ ಅವೇ, ಕಾಯಿಲ್ಲಿಗೆ ಕರೆಂಟು ಒಯ್ಯೋದೂ ಅವೇ. ತಾತ ಕುಂಚದ ತುದಿಗೆ ಒಂದು ಹನಿ ಪೆಟ್ರೋಲು ತಾಗಿಸಿ ಸುತ್ತು ಸುತ್ತೇ ಬಿಡಿಸಿದರು. ಮೇಲೆ ಇನ್ನೊಂದು ತೊಂದರೆ: ಅಯಸ್ಕಾಂತಕ್ಕೂ ಕಾಯಿಲ್ಲಿಗೂ ನಡುವಿನ ಸಂದಿಯಲ್ಲಿ ಒಂದು ಕಬ್ಬಿಣದ ಪುಡಿ. ಸ್ಟೀಲಿನ ಚಿಮಟ ಒಳಗೆ ಹಾಕಿದರೆ ಅಯಸ್ಕಾಂತ ಎಳೆದುಕೊಂಡು ಎಲ್ಲಾ ಹಾಳು. ತಾತ ಹಿತ್ತಾಳೆಯ ಚಿಮಟ ತೆಗೆದರು. ಕಾಗದದ ಸಣ್ಣ ಪಟ್ಟಿಗೆ ಗಮ್ ಟೇಪ್ ಅಂಟಿಸಿ, ಅದನ್ನು ಸಂದಿಯಲ್ಲಿ ಆಡಿಸಿ ಪುಡಿಯನ್ನು ಹೊರಗೆ ತಂದರು. ಮುಳ್ಳು ಸೊನ್ನೆಗೆ ಬಂದು ಕೂತಿತು. ನನ್ನ ಸೆಲ್ಲು, ರೆಸಿಸ್ಟರು ಮುಟ್ಟಿಸಿದೆ. ಸೀದಾ 30.

"ಇದ್ರಲ್ಲಿ ಬ್ಯಾಲೆನ್ಸ್ ವೀಲ್ ಇಲ್ಲ ಅಷ್ಟೇ, ಮಿಕ್ಕಿದ್ದೆಲ್ಲ ವಾಚೇ. ನಿಂಗೆ ಇದ್ನೆಲ್ಲ ಕಾಲೇಜ್ನಲ್ಲಿ ಹೇಳ್ಕೊಡ್ಲಿಲ್ವಾ ಮಗಾ?" ಅಂದರು.

ನಾನು ಸುಮ್ಮನೆ ನಿಂತಿದ್ದೆ. ಏನಂತ ಹೇಳಲಿ? ಪಿಯುಸಿಯಲ್ಲಿ ಗ್ಯಾಲ್ವನೋಮೀಟರಿನ ಸೂತ್ರ ಬಾಯಿಪಾಠ ಮಾಡಿ ಪೂರ್ತಿ ಮಾರ್ಕ್ಸು ತಗೊಂಡೆ. ಕಾಂತಕ್ಷೇತ್ರ, ಕರೆಂಟು, ಸುತ್ತುಗಳು, ವಿಸ್ತೀರ್ಣ ಗುಣಿಸಿದರೆ ಸ್ಪ್ರಿಂಗಿನ ತಿರುಚು. ಇಂಜಿನಿಯರಿಂಗಿನಲ್ಲೂ ಅದನ್ನೇ ಇನ್ನೊಮ್ಮೆ ಬರೆದೆ. ಆ ಸ್ಪ್ರಿಂಗನ್ನು ಕಣ್ಣಾರೆ ನೋಡಿದ್ದು ಈ ಅಂಗಡಿಯಲ್ಲಿ, ಓದು ಮುಗಿದು ಇಷ್ಟು ವರ್ಷದ ಮೇಲೆ. ಲ್ಯಾಬಿನಲ್ಲಿ ಮೀಟರ್ ಕೆಟ್ಟರೆ "ಮುಟ್ಟಬೇಡಿ, ಬೇರೆ ತಗೊಳ್ಳಿ" ಅನ್ನುತ್ತಿದ್ದರು. ಕೆಟ್ಟದ್ದೆಲ್ಲ ಮೂಲೆಯ ಡಬ್ಬಕ್ಕೆ. ಡಬ್ಬ ತುಂಬಿದ ಮೇಲೆ ಗುಜರಿಗೆ.

ಮಿತ್ರರೇ, ನನ್ನ ವಾದ ಇದು: ಬಿಚ್ಚಿ ನೋಡದೆ ಬಿಸಾಡುವವನನ್ನು ನಾವು ಇಂಜಿನಿಯರ್ ಅನ್ನುತ್ತಿದ್ದೇವೆ, ಬಿಚ್ಚಿ ಸರಿ ಮಾಡುವವರನ್ನು 'ರಿಪೇರಿಯವನು' ಅನ್ನುತ್ತಿದ್ದೇವೆ. ಕೈಯಲ್ಲಿ ಮಾಡುವ ಕೆಲಸ ಕೀಳು ಅನ್ನೋ ನಮ್ಮ ಹಳೇ ರೋಗ ಈಗ ಟೀ ಶರ್ಟು, ಐಡಿ ಕಾರ್ಡು ಹಾಕಿಕೊಂಡು ಓಡಾಡುತ್ತಿದೆ. ನನ್ನ ಗೆಳೆಯ ದಡ್ಡನಲ್ಲ. ಅವನಿಗೂ ನನಗೂ ಯಾರೂ ಕಲಿಸಲಿಲ್ಲ. ಕಲಿಸದೆ ಹೋದದ್ದನ್ನೇ ನಾವು 'ಔಟ್‌ಡೇಟೆಡ್' ಅಂತ ಕರೆದು ಮರ್ಯಾದೆ ಉಳಿಸಿಕೊಂಡಿದ್ದೇವೆ.

ಇದು ಬರೀ ಹಳೇ ಸಾಮಾನಿನ ಮೋಹ ಅಂತ ನಗಬೇಡಿ. 2010ರ ಏಪ್ರಿಲ್ಲಿನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಏನಾಯಿತು ನೆನಪಿದೆಯಾ? ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಬಳಸದೆ ಬಿದ್ದಿದ್ದ ಗಾಮಾ ಉಪಕರಣವನ್ನು ಹರಾಜು ಹಾಕಿದರು. ಒಳಗೆ ಕೋಬಾಲ್ಟ್-60 ಇತ್ತು. ಗುಜರಿಯವರು ಅದನ್ನು ಒಡೆದರು. ಒಬ್ಬ ಕೂಲಿಯವನ ಜೀವ ಹೋಯಿತು, ಇನ್ನೂ ಹಲವರು ವಿಕಿರಣದಿಂದ ಆಸ್ಪತ್ರೆ ಸೇರಿದರು. ವಿಶ್ವವಿದ್ಯಾಲಯದಲ್ಲಿ ಓದಿದವರಿಗೇನು ಬರ ಇತ್ತೇ? ಕೋಣೆಯಲ್ಲಿರುವ ಪೆಟ್ಟಿಗೆಯೊಳಗೆ ಏನಿದೆ ಅಂತ ತಿಳಿದವರು ಬೇಕಿತ್ತು, ಅದರ ಗುರುತು ಇಟ್ಟುಕೊಂಡು ಸಂಬಂಧಪಟ್ಟವರಿಗೆ ಒಪ್ಪಿಸುವವರು ಬೇಕಿತ್ತು. ನನ್ನ ಗೈಗರ್ ಪೆಟ್ಟಿಗೆಯಲ್ಲಿ ಅಂಥದ್ದೇನೂ ಇರಲಿಲ್ಲ. ಆದರೆ ಅದನ್ನು ಹರಾಜು ಹಾಕಿದವರಿಗೆ ಅದು ಗೊತ್ತಿತ್ತಾ? ನನಗೆ ಅನುಮಾನ.

ಈಗ ನೀವು ಹೇಳಬಹುದಾದ ಮಾತುಗಳು.

"ಸಮಯ ಯಾರಿಗಿದೆ?" ತಾತ ತಗೊಂಡದ್ದು ನಲವತ್ತು ನಿಮಿಷ. ಕೇಳಿದ್ದು ಐವತ್ತು ರೂಪಾಯಿ. ನೂರು ಕೊಟ್ಟರೆ ಬೈದು ಐವತ್ತು ವಾಪಸ್ ಕೊಟ್ಟರು. ಆರ್ಡುಯಿನೋ ಹಾಕಿ ಕೋಡ್ ಬರೆದು ಡೀಬಗ್ ಮಾಡುವಷ್ಟರಲ್ಲಿ ಎರಡು ಭಾನುವಾರ ಹೋಗುತ್ತೆ, ನನಗೆ ನನ್ನ ಕೋಡ್ ಗೊತ್ತು :)

"ಹಳೇ ಮೀಟರನ್ನು ನಂಬೋಕಾಗುತ್ತಾ?" ಆಗಲ್ಲ, ನಂಬಬೇಡಿ. ಕೈಗಾದಲ್ಲಿ ಕೆಲಸ ಮಾಡುವವರು, ಎಕ್ಸ್-ರೇ ಕೋಣೆಯವರು ಕ್ಯಾಲಿಬ್ರೇಟ್ ಆದ ಉಪಕರಣವನ್ನೇ ಬಳಸಬೇಕು. ನಾನು ಹೇಳುತ್ತಿರೋದು ಕಲಿಯುವ ಮೀಟರಿನ ಮಾತು. ಇನ್ನೂ ಒಂದು ಎಚ್ಚರಿಕೆ: ಹಳೇ ಮಿಲಿಟರಿ ಮೀಟರುಗಳ ಮುಳ್ಳು, ಅಂಕಿಗಳಿಗೆ ರೇಡಿಯಂ ಬಣ್ಣ ಬಳಿದಿರಬಹುದು. ಕತ್ತಲೆಯಲ್ಲಿ ಹೊಳೆಯುತ್ತಿಲ್ಲ ಅಂತ ಧೈರ್ಯ ಮಾಡಬೇಡಿ. ಹೊಳೆಯುವ ಪುಡಿ ಸತ್ತಿರುತ್ತೆ ಅಷ್ಟೇ, ರೇಡಿಯಂ ಅರ್ಧಕ್ಕೆ ಇಳಿಯೋಕೆ 1600 ವರ್ಷ ಬೇಕು. ಅಂಥದ್ದರ ಗಾಜು ತೆಗೆಯಲೇಬೇಡಿ. ಬಿಡುವುದು ಯಾವಾಗ ಅಂತ ತಿಳಿದಿರೋದೂ ರಿಪೇರಿಯ ಭಾಗವೇ.

"ಸರ್ಕಾರ ರೈಟ್ ಟು ರಿಪೇರಿ ತರ್ತಿದೆಯಲ್ಲ?" 2022ರಲ್ಲಿ ಕೇಂದ್ರ ಸರ್ಕಾರ ಸಮಿತಿ ಮಾಡಿತು, ಅದೇ ವರ್ಷದ ಕೊನೆಗೆ ಪೋರ್ಟಲ್ಲೂ ತೆರೆಯಿತು. ಸಂತೋಷ. ಆದರೆ ಹಕ್ಕು ಕಾಗದದ ಮೇಲೆ ಬರಬಹುದು, ಹೇರ್ ಸ್ಪ್ರಿಂಗ್ ಬಿಡಿಸುವ ಕೈ ಎಲ್ಲಿಂದ ಬರುತ್ತೆ? ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ 2016ರಲ್ಲಿ ಮುಚ್ಚಿತು. ನಮ್ಮ ತಾತನಿಗೆ ಒಂದು ಕಣ್ಣಿಗೆ ಪೊರೆ ಬಂದಿದೆ. ಮಗ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾನೆ. ಅಂಗಡಿಯಲ್ಲಿ ಶಿಷ್ಯರಿಲ್ಲ.

ಹಾಗಾಗಿ ನಾನು ಕೇಳೋದು ದೊಡ್ಡದೇನಲ್ಲ. ಕಾಲೇಜುಗಳು ಕೆಟ್ಟ ಮೀಟರುಗಳ ಡಬ್ಬವನ್ನು ಗುಜರಿಗೆ ಹಾಕುವ ಮುಂಚೆ ಹುಡುಗರ ಮುಂದೆ ಸುರಿಯಲಿ. ವಾರಕ್ಕೊಂದು ಗಂಟೆ ಸಾಕು. ಊರಿನ ವಾಚ್ ರಿಪೇರಿಯವರನ್ನು ಕರೆಸಿ, ಗೌರವಧನ ಕೊಟ್ಟು, ಮೇಷ್ಟ್ರು ಅಂತ ಕೂರಿಸಲಿ. ಇನ್ನು ನಾವು ಬ್ಲಾಗಿಗರು. ಹೇರ್ ಸ್ಪ್ರಿಂಗ್ ಬಿಡಿಸೋದು ಹೇಗೆ ಅಂತ ಕನ್ನಡದಲ್ಲಿ ಹುಡುಕಿ ನೋಡಿ, ನನಗಂತೂ ಏನೂ ಸಿಗಲಿಲ್ಲ. ನಿಮ್ಮೂರ ತಾತನ ಅಂಗಡಿ ಮುಂದೆ ಒಂದು ಮಧ್ಯಾಹ್ನ ಕೂತು, ನೋಡಿದ್ದನ್ನು ಬರೆಯಿರಿ. ತಡ ಮಾಡಿದರೆ ಬರೆಯೋಕೆ ಅಂಗಡಿಯೇ ಇರೋಲ್ಲ.

ಕೊಸರು: ರಿಪೇರಿಯಾದ ರಾತ್ರಿ ಅಟ್ಟದಿಂದ ಹಳೇ ಗ್ಯಾಸ್‌ಲೈಟಿನ ಬಳಸದ ಮ್ಯಾಂಟಲ್ ಹುಡುಕಿ ತೆಗೆದೆ. ಹಳೇ ಮ್ಯಾಂಟಲ್ಲುಗಳಲ್ಲಿ ಥೋರಿಯಂ ಇರುತ್ತೆ. (ಕವರಿನಿಂದ ತೆಗೆಯಬೇಡಿ, ಪುಡಿ ಉಸಿರಿಗೆ ಹೋಗಬಾರದು.) ಕವರಿನ ಸಮೇತ ಟ್ಯೂಬಿನ ಹತ್ತಿರ ಹಿಡಿದೆ. ಟಿಕ್ ಟಿಕ್ ಟಿಕ್ ಟಿಕ್... ಮುಳ್ಳು ನಡುಗುತ್ತಾ ಮೇಲೇರಿತು. ಅಮ್ಮ ಅಡುಗೆಮನೆಯಿಂದ "ಅದೇನೋ ಹಲ್ಲಿ ಲೊಚಗುಟ್ಟಿದ ಹಾಗೆ?" ಅಂದರು. ಮುಳ್ಳು ತೋರಿಸಿದೆ. ಮಾರನೇ ದಿನ ತಾತನಿಗೂ ತೋರಿಸಿ ಬಂದೆ. ಗೆಳೆಯನಿಗೆ ವಿಡಿಯೋ ಕಳಿಸಿದ್ದೀನಿ, ಇನ್ನೂ ಉತ್ತರ ಬಂದಿಲ್ಲ :)

ಮತ್ತೆ ಸಿಗೋಣ.