ತಪ್ಪಿಗೊಂದು ಲೆಕ್ಕದ ಪುಸ್ತಕ

ಕಲಾ ಕಾಲೇಜಿನ ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ವಿಷಯವಾಗಿ ಬರೆಯಹೊರಟರೆ ವಿಜ್ಞಾನದ ಮಿತ್ರರು ನಗಬಹುದು. ನಗಲಿ, ನಾನು ಹೇಳಹೊರಟಿರುವುದು ಅವರಿಗೂ ಅನ್ವಯಿಸುವ ಮಾತೇ.

ಕಳೆದ ವರ್ಷ ನನ್ನ ಸಹಪಾಠಿಯೊಬ್ಬನಿಗೆ ಗ್ರಂಥಾಲಯದ 'ಬಾಕಿ ಇಲ್ಲ' ಪತ್ರ ದೊರೆಯಲಿಲ್ಲ. ಅವನು ಹಿಂದಿರುಗಿಸಿದ್ದ ಎರಡು ಪುಸ್ತಕಗಳು ಇನ್ನೂ ಅವನ ಹೆಸರಿನಲ್ಲಿಯೇ ಇವೆಯೆಂದು ಗಣಕಯಂತ್ರ ಸಾಧಿಸುತ್ತಿತ್ತು. ಪತ್ರವಿಲ್ಲದೆ ಪರೀಕ್ಷೆಯ ಹಾಲ್ ಟಿಕೆಟ್ ಇಲ್ಲ. ಕೂಲಿ ಮಾಡಿ ಮಗನನ್ನು ಓದಿಸುತ್ತಿದ್ದ ಅವನ ತಾಯಿ ಪುಸ್ತಕಗಳ ಬೆಲೆಯನ್ನೂ ದಂಡವನ್ನೂ ಕಟ್ಟಿದರು. ಪರೀಕ್ಷೆ ಮುಗಿದ ಮೇಲೆ ಆ ಪುಸ್ತಕಗಳೆರಡೂ ಕಪಾಟಿನಲ್ಲಿಯೇ ಸಿಕ್ಕಿದುವು! ವಿಚಾರಿಸಲಾಗಿ, ಅದರ ಹಿಂದಿನ ವರ್ಷವೂ ಹೀಗೆಯೇ ಆಗಿತ್ತೆಂದು ತಿಳಿಯಿತು. "ನಾವು ಹೇಳಿದ್ದೆವಲ್ಲ" ಎಂದರು ವಿದ್ಯಾರ್ಥಿಗಳು. "ನೋಡೋಣ ಎಂದಿದ್ದೆವಲ್ಲ" ಎಂದರು ಸಿಬ್ಬಂದಿಯವರು. ಇಬ್ಬರ ಮಾತೂ ನಿಜ. ಆದರೆ ಎಲ್ಲಿಯೂ ಒಂದಕ್ಷರ ಬರೆದಿಟ್ಟಿರಲಿಲ್ಲ.

ಯಂತ್ರದ ದೋಷವನ್ನು ಇಂಗ್ಲಿಷಿನಲ್ಲಿ 'ಬಗ್', ಎಂದರೆ ಹುಳು, ಎನ್ನುವುದು ಎಡಿಸನ್ನನ ಕಾಲದಿಂದಲೂ ಇರುವ ರೂಢಿ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಎಂಬ ಗಣಕಯಂತ್ರದಲ್ಲಿ ನಿಜವಾದ ಪತಂಗವೇ ಸಿಕ್ಕಿಕೊಂಡಿತು. ಅಲ್ಲಿಯವರು ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿ, ವೇಳೆಯನ್ನೂ ನಮೂದಿಸಿದರು. ಆ ದಿನಚರಿ ಇಂದು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ. ಇಂಥ ದಿನಚರಿಯ ದೊಡ್ಡ ರೂಪವೇ 'ಬಗ್‌ಜಿಲ್ಲಾ'. ಟೆರ್ರಿ ವೈಸ್‌ಮನ್ ಎಂಬವರು ಇದನ್ನು ಮೊಜಿಲ್ಲಾ ಯೋಜನೆಗಾಗಿ 1998ರಲ್ಲಿ ರಚಿಸಿದರು. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು.

ಪ್ರಾಂಶುಪಾಲರ ಅಪ್ಪಣೆ ಪಡೆದು ನಾವು ಮೂವರು ಮಿತ್ರರು ಗ್ರಂಥಾಲಯದ ಮೂಲೆಯಲ್ಲಿದ್ದ ಹಳೆಯ ಯಂತ್ರವೊಂದನ್ನು ಹಿಡಿದು ಕುಳಿತೆವು. ಲಿನಕ್ಸ್ ಹಾಕಿದೆವು. ದತ್ತಾಂಶವನ್ನು ಕಾಯಲು ಮರಿಯಾಡಿಬಿ, ಪುಟಗಳನ್ನು ಬಡಿಸಲು ಅಪಾಚೆ. ಬಗ್‌ಜಿಲ್ಲಾಕ್ಕೆಂದು ಪ್ರತ್ಯೇಕ ದತ್ತಕೋಶವನ್ನೂ, ಆ ಕೋಶವೊಂದಕ್ಕೆ ಮಾತ್ರ ಅಧಿಕಾರವಿರುವ ಬಳಕೆದಾರನನ್ನೂ ಸೃಷ್ಟಿಸಿದ್ದಾಯಿತು. ಬಳಿಕ 'ಚೆಕ್‌ಸೆಟಪ್' ಎಂಬ ಪರ್ಲ್ ಭಾಷೆಯ ಕಾರ್ಯಕ್ರಮವನ್ನು ಓಡಿಸಬೇಕು. ಅದು ಮೊದಲು ಯಾವ ಯಾವ ಪರ್ಲ್ ಭಾಗಗಳು ಇಲ್ಲವೆಂದು ಮದುವೆ ಮನೆಯ ಸಾಮಾನಿನ ಪಟ್ಟಿಯಂತೆ ಓದಿ ಹೇಳುತ್ತದೆ. ಅವನ್ನೆಲ್ಲ ಒದಗಿಸಿದ ಮೇಲೆ 'ಲೋಕಲ್‌ಕಾನ್ಫಿಗ್' ಎಂಬ ಕಡತವನ್ನು ಬರೆದಿಟ್ಟು ನಿಲ್ಲುತ್ತದೆ. ಅದರಲ್ಲಿ ದತ್ತಕೋಶದ ಗುಪ್ತಪದವನ್ನು ತುಂಬಿ ಮತ್ತೊಮ್ಮೆ ಓಡಿಸಿದರೆ ಕೋಷ್ಟಕಗಳನ್ನು ಕಟ್ಟಿ, ಮೇಲ್ವಿಚಾರಕನ ವಿಳಾಸವನ್ನು ಕೇಳುತ್ತದೆ.

ಇಷ್ಟಾದರೂ ಪುಟ ತೆರೆದರೆ ಕಂಡದ್ದು ಪರ್ಲ್ ಕಾರ್ಯಕ್ರಮದ ಮೂಲಪಾಠ! ಕಾರ್ಯಕ್ರಮವನ್ನು ತೋರಿಸಬೇಡ, ನಡೆಸು ಎಂದು ಅಪಾಚೆಗೆ ನಾವು ಹೇಳಿಯೇ ಇರಲಿಲ್ಲ. ಎರಡು ದಿನ ಅದರಲ್ಲಿ ಕಳೆಯಿತು. ಬಗ್‌ಜಿಲ್ಲಾ ತನ್ನ ರಕ್ಷಣೆಗೆ ಬರೆದಿಟ್ಟುಕೊಳ್ಳುವ ನಿಯಮಗಳನ್ನು ಪಾಲಿಸುವಂತೆಯೂ ಅಪಾಚೆಗೆ ಅಪ್ಪಣೆ ಕೊಡಬೇಕು. ಇಲ್ಲವಾದರೆ ಗುಪ್ತಪದವಿರುವ ಕಡತವನ್ನು ದಾರಿಹೋಕನೂ ಓದಬಹುದು. ಮನೆಗೆ ಬೀಗ ಹಾಕಿ ಕೀಲಿಯನ್ನು ಹೊಸ್ತಿಲ ಮೇಲಿಟ್ಟಂತೆ.

"ಇದಕ್ಕೆಲ್ಲ ಇಷ್ಟು ಸಂಭ್ರಮವೇಕೆ? ಒಂದು ನೋಟುಬುಕ್ಕು ಸಾಲದೆ?" ಎಂದು ನಮ್ಮ ಗುರುಗಳೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನೋಟುಬುಕ್ಕಿನಲ್ಲಿ ಬರೆದ ದೂರಿಗೆ ಹೊಣೆಗಾರನಿಲ್ಲ. ಬಗ್‌ಜಿಲ್ಲಾದಲ್ಲಿಯಾದರೋ ಪ್ರತಿಯೊಂದು ವಿಭಾಗಕ್ಕೂ ಒಬ್ಬರ ಹೆಸರನ್ನು ಸೂಚಿಸದೆ ಆ ವಿಭಾಗವನ್ನೇ ತೆರೆಯಲಾಗದು. ಯಾರು, ಯಾವಾಗ, ಏನನ್ನು ಬದಲಿಸಿದರೆಂಬುದು ಅಲ್ಲಿ ದಾಖಲಾಗುತ್ತದೆ. ನಾವಾಗಿ ಅನುಮತಿಯನ್ನು ಬದಲಿಸಿದ ಹೊರತು ದೂರನ್ನು ಅಳಿಸುವಂತಿಲ್ಲ. 'ಸರಿಪಡಿಸಲಾಗಿದೆ' ಎನ್ನಬಹುದು, 'ಸರಿಪಡಿಸುವುದಿಲ್ಲ' ಎಂದೂ ಹೇಳಬಹುದು, ಆದರೆ ಹೇಳಬೇಕು. 'ನೋಡೋಣ' ಎಂಬ ಉತ್ತರಕ್ಕೆ ಅಲ್ಲಿ ಸ್ಥಳವಿಲ್ಲ.

ಇದರ ಪ್ರಯೋಜನ ನಮಗೆ ಈ ವರ್ಷವೇ ತಿಳಿಯಿತು. ಪುಸ್ತಕದ ಬಾಕಿಯ ಬಗ್ಗೆ ಏಳು ಮಂದಿ ಬರೆದರು. ಒಂದೇ ಬಗೆಯ ದೂರುಗಳನ್ನು ಒಂದಕ್ಕೊಂದು ಜೋಡಿಸಿ ಇಡುವ ಅನುಕೂಲ ಅಲ್ಲಿದೆ. ಏಳನ್ನೂ ಒಟ್ಟಿಗೆ ಓದಿದಾಗ ಗುಟ್ಟು ಹೊರಬಿತ್ತು: ಏಳು ಮಂದಿಯೂ ಪುಸ್ತಕ ಪಡೆದದ್ದು ಒಂದು ತರಗತಿಯಲ್ಲಿರುವಾಗ, ಹಿಂದಿರುಗಿಸಿದ್ದು ಮುಂದಿನ ತರಗತಿಗೆ ಹೋದ ಮೇಲೆ. ನಡುವೆ ರೋಲ್ ನಂಬರು ಬದಲಾಗಿತ್ತು. ಯಂತ್ರವು ಹಳೆಯ ನಂಬರಿನ ಮೇಲೆ ಸಾಲವನ್ನು ಹಾಗೆಯೇ ಉಳಿಸಿಕೊಂಡಿತ್ತು. ಗ್ರಂಥಪಾಲಕರ ತಪ್ಪೂ ಅಲ್ಲ, ವಿದ್ಯಾರ್ಥಿಗಳ ತಪ್ಪೂ ಅಲ್ಲ. ಈಗ ಪ್ರವೇಶ ಸಂಖ್ಯೆಯಿಂದಲೇ ಪುಸ್ತಕ ಕೊಡುತ್ತಾರೆ. ನನ್ನ ಮಿತ್ರನ ತಾಯಿಗೆ ಹಣವೂ ಹಿಂದಕ್ಕೆ ಬಂದಿತು.

ದೋಷವನ್ನು ಹೇಳುವವನನ್ನು ತಂಟೆಕೋರನೆಂದು ಕಾಣುವ ಅಭ್ಯಾಸ ನಮ್ಮಲ್ಲಿದೆ. ಅದಕ್ಕೆ ಹೆದರಿ ಅನೇಕರು ಬಾಯಿ ಮುಚ್ಚಿಕೊಂಡು ದಂಡ ಕಟ್ಟುತ್ತಾರೆ. ಕಟ್ಟಲಾರದವರ ಗತಿಯೇನು? ಎಲ್ಲರೂ ನೋಡಬಹುದಾದ ಕಡೆ, ಬೈಗುಳವಿಲ್ಲದೆ, ನಡೆದದ್ದನ್ನು ನಡೆದಂತೆ ಬರೆಯುವುದು ಸಂಸ್ಥೆಗೆ ಮಾಡುವ ಉಪಕಾರವೆಂದೇ ನನ್ನ ನಮ್ರ ಅಭಿಪ್ರಾಯ.

ಈ ವರ್ಷ ನಾವು ಮೂವರೂ ಕಾಲೇಜು ಬಿಡುತ್ತೇವೆ. ಕಿರಿಯ ಮಿತ್ರರಲ್ಲಿ ಇಬ್ಬರಾದರೂ ಮುಂದೆ ಬಂದು ಈ ಯಂತ್ರವನ್ನು ವಹಿಸಿಕೊಳ್ಳಬೇಕು. ವಾರಕ್ಕೊಮ್ಮೆ ದತ್ತಕೋಶದ ಪ್ರತಿ ತೆಗೆದು ಬೇರೆಡೆ ಇಡಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬುದನ್ನು ಮರೆಯಬಾರದು. ಅಧ್ಯಾಪಕ ಮಹಾಶಯರಲ್ಲಿ ನನ್ನದೊಂದು ಬಿನ್ನಹ: ತಾವೂ ಅದರಲ್ಲಿ ಬರೆಯಬೇಕು. ಗುರುಗಳು ಬರೆದರೆ ವಿದ್ಯಾರ್ಥಿಗಳ ಅಂಜಿಕೆ ತಾನಾಗಿಯೇ ಹೋದೀತು. ಬಗ್‌ಜಿಲ್ಲಾವನ್ನು ಸ್ಥಾಪಿಸಿದ ಕ್ರಮವನ್ನು ಹೆಜ್ಜೆ ಹೆಜ್ಜೆಯಾಗಿ ಬರೆದು ಗ್ರಂಥಪಾಲಕರ ಬಳಿ ಕೊಟ್ಟಿದ್ದೇನೆ. ಅದರಲ್ಲಿ ತಪ್ಪು ಕಂಡುಬಂದರೆ ದಯವಿಟ್ಟು ದಾಖಲಿಸಿ.